ಜ್ವರ ಬಿಟ್ಟರೂ ಬಿಡದ ಸುಸ್ತಿಗೆ

ಡೆಂಗೆ, ಚಿಕೂನ್‌ಗುನ್ಯಾ, ಕೋವಿಡ್ ಯಾವುದೇ ಬಂದು ಹೋಗಿ ತಿಂಗಳುಗಳಾದರೂ ಸುಸ್ತು, ಮರೆವು ಹೋಗಿಲ್ಲ, ಜೊತೆಗೆ ಮುಟ್ಟು ನಿಲ್ಲುವ ಮುಂಚಿನ ಏರುಪೇರೂ ಶುರುವಾಗಿದೆ ಅನ್ನೋರು ಸುಸ್ತಾದ ಮೇಲೆ ಕೂರಬೇಡಿ, ಸುಸ್ತಾಗುವ ಮೊದಲೇ ಕೂತುಬಿಡಿ. 15 ನಿಮಿಷ ಕೆಲಸ, 10 ನಿಮಿಷ ಕಣ್ಣು ಮುಚ್ಚಿ ಮಲಗೋದು. ಫೋನ್ ನೋಡುತ್ತಾ ಮಲಗಿದರೆ ಅದು ವಿಶ್ರಾಂತಿ ಅಲ್ಲ. ವೈರಸ್ ಜ್ವರದ ನಂತರ ಮೈಮೀರಿ ದುಡಿದರೆ ಅದರ ಪೆಟ್ಟು ಹೆಚ್ಚಾಗಿ ಅವತ್ತೇ ಗೊತ್ತಾಗಲ್ಲ, ಮರುದಿನವೋ ಅದರ ಮರುದಿನವೋ ಬೀಳುತ್ತೆ. ‘ಇವತ್ತು ಚೆನ್ನಾಗಿದೀನಿ’ ಅಂತ ಹಿಪ್ಪುನೇರಳೆ ಸೊಪ್ಪು ಕೊಯ್ದು, ಬಟ್ಟೆಯನ್ನೂ ಒಗೆದು ಮುಗಿಸೋದೇ ಎಡವಟ್ಟು. ಮುದ್ದೆ ತೊಳಸೋದು ನಿಂತು, ಬಿಸಿ ಎದುರು, ತೋಳಿನ ಬಲದಲ್ಲಿ ಮಾಡುವ ಕೆಲಸ. ಸ್ವಲ್ಪ ದಿನ ಮನೆಯ ಗಂಡಸರೇ ಕೋಲು ಹಿಡಿಯಲಿ, ಏನೂ ಆಗಲ್ಲ. ಸೊಪ್ಪು ಬಿಡಿಸೋದು, ಅವರೆಕಾಳು ಹಿಸುಕೋದು ಕೂತು ಮಾಡಿ. ರಾತ್ರಿ ಬೆವರಿ ನಿದ್ದೆ ಕೆಟ್ಟರೆ ತಲೆ ಇನ್ನೂ ಮಂಕು. ಹಾಗಾಗಿ ಸಂಘದ ಲೆಕ್ಕ, ಡೇರಿ ಪುಸ್ತಕವನ್ನು ತಲೆ ಚುರುಕಾಗಿರೋ ಹೊತ್ತಲ್ಲೇ ನೋಡಿ, ಮೈಕೆಲಸದ ಬೆನ್ನಿಗೇ ಹಚ್ಚಿಕೊಳ್ಳಬೇಡಿ. ರಕ್ತ ಕಡಿಮೆ ಇದ್ದರೆ ಅಥವಾ ಥೈರಾಯ್ಡ್ ಇದ್ದರೆ ಈ ಉಪಾಯವೊಂದೇ ಸಾಲದು: ಹಿಮೋಗ್ಲೋಬಿನ್, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ), ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ), ಬಿ12, ಶುಗರ್ ನೋಡಿಸಿ. ಹಿಮೋಗ್ಲೋಬಿನ್ ಸರಿ ಇದ್ದೂ ಫೆರಿಟಿನ್ ತಳ ಕಂಡಿರಬಹುದು, ಅದರಲ್ಲೂ ಮುಟ್ಟಲ್ಲಿ ಗಂಟೆ ಎರಡು ಗಂಟೆಗೆ ಪ್ಯಾಡ್ ಬದಲಿಸೋರಿಗೆ. ಕಬ್ಬಿಣದ ಮಾತ್ರೆ ಜೊತೆ ಟೀ, ಕಾಫಿ ಬೇಡ. ಎದೆನೋವು, ಉಬ್ಬಸ ಬಂದರೆ ಕಾಯದೆ ಆಸ್ಪತ್ರೆಗೆ ಹೋಗಿ. ಮುಟ್ಟು ನಿಂತು ವರ್ಷವಾದ ಮೇಲೆ ಮತ್ತೆ ರಕ್ತ ಕಂಡರೂ ಡಾಕ್ಟರಿಗೆ ತೋರಿಸಲೇಬೇಕು.