ರೀಸೇಲ್ ಫ್ಲ್ಯಾಟ್ ತಪಾಸಣೆ: ಮೊದಲು ನೀರು ಕಟ್ಟಿಸಿ

ಬೆಂಗಳೂರಿನಲ್ಲಿ ರೀಸೇಲ್ ಫ್ಲ್ಯಾಟ್ ನೋಡಲು ಹೋದವರು ಬಾಗಿಲು ಯಾವ ದಿಕ್ಕಿಗಿದೆ ಎಂದು ಅರ್ಧ ಗಂಟೆ ಚರ್ಚಿಸುತ್ತಾರೆ. ಬಾತ್‌ರೂಮಿಗೆ ಒತ್ತಿಕೊಂಡಿರುವ ವಾರ್ಡ್‌ರೋಬಿನ ಕೆಳಹಲಗೆ ತೆಗೆಸಿ ಗೋಡೆ ಮುಟ್ಟಿ ನೋಡುವವರು ಅಪರೂಪ. ತಪಾಸಕರನ್ನು ಕರೆಸಿದವರೂ ಬಹಳಷ್ಟು ಸಲ ಮುಂಗಡ ಕೊಟ್ಟ ಮೇಲೆ ಕರೆಸುತ್ತಾರೆ. ಆಗ ವರದಿ ಕೈಯಲ್ಲಿದ್ದರೂ ಚೌಕಾಸಿಗೆ ದಾರಿ ಇರುವುದಿಲ್ಲ.

ತಪಾಸಣೆ ಕರಾರಿಗೆ ಸಹಿ ಹಾಕುವ ಮುಂಚೆಯೇ ಆಗಬೇಕು. ಟೋಕನ್ ಕೊಡಲೇಬೇಕಾಗಿ ಬಂದರೆ, ದೊಡ್ಡ ದೋಷ ಕಂಡಲ್ಲಿ ಹಣ ವಾಪಸ್ ಎಂಬ ಸಾಲನ್ನು ರಸೀದಿಯಲ್ಲೇ ಬರೆಸಿ. ಬ್ರೋಕರ್ ಹೇಳಿದ ತಪಾಸಕರು ಬೇಡ. ವಾಟರ್‌ಪ್ರೂಫಿಂಗ್ ಕಂಪನಿಯ ‘ಉಚಿತ ತಪಾಸಣೆ’ಯಂತೂ ಬೇಡವೇ ಬೇಡ, ಅವರ ಕಣ್ಣಿಗೆ ಸೋರದ ಗೋಡೆಯೇ ಬೀಳುವುದಿಲ್ಲ. ಸಿವಿಲ್ ಎಂಜಿನಿಯರ್ ಜೊತೆಗೆ ಒಬ್ಬ ಎಲೆಕ್ಟ್ರಿಷಿಯನ್ ಬರುವಂಥ ತಂಡ ಹಿಡಿಯಿರಿ. ಖಾತಾ, ಋಣಭಾರ ಪತ್ರ ವಕೀಲರ ಕೆಲಸ, ಇದರಲ್ಲಿ ಬೆರೆಸಬೇಡಿ.

ಎಡವುವುದು ತೇವದ ವಿಷಯದಲ್ಲಿ. ಮಾರುವ ಮುಂಚೆ ಮನೆಗೆ ಹೊಸ ಬಣ್ಣ ಬಳಿಸುವುದು ವಾಡಿಕೆ. ಒಳಗಿನಿಂದ ಡ್ಯಾಂಪ್‌ಪ್ರೂಫ್ ಪುಟ್ಟಿ ಮೆತ್ತಿದರೆ ಕಲೆ ಕೆಲವು ತಿಂಗಳು ಕಾಣುವುದಿಲ್ಲ. ತಪಾಸಕರು ಥರ್ಮಲ್ ಕ್ಯಾಮೆರಾ ತೆಗೆದ ಕೂಡಲೇ ಎಲ್ಲ ಗೊತ್ತಾಯಿತು ಅಂದುಕೊಳ್ಳಬೇಡಿ. ಅದು ತೋರಿಸುವುದು ಉಷ್ಣಾಂಶವನ್ನು, ನೀರನ್ನಲ್ಲ. ಗೋಡೆಯೊಳಗಿನ ತಣ್ಣೀರಿನ ಪೈಪು, ಏಸಿಯ ಗಾಳಿ ಬಡಿದ ಮೂಲೆ ಎರಡೂ ತಣ್ಣಗೇ ಕಾಣುತ್ತವೆ. ಹಾಗಾಗಿ ಕ್ಯಾಮೆರಾ ಅನುಮಾನ ಪಟ್ಟ ಜಾಗಕ್ಕೆಲ್ಲ ತೇವಮಾಪಕ ಹಿಡಿಯಬೇಕು. ಈ ಮಾಪಕಗಳಲ್ಲಿ ಹೆಚ್ಚಿನವು ಮರಕ್ಕೆಂದು ಹೊಂದಿಸಿದವು. ಪ್ಲಾಸ್ಟರ್ ಮೇಲೆ ತೋರಿಸುವ ಶೇಕಡಾವಾರು ಲೆಕ್ಕಕ್ಕಿಲ್ಲ. ಅದೇ ಕೋಣೆಯ ಒಣ ಗೋಡೆಯ ಅಂಕಿಯ ಜೊತೆ ಹೋಲಿಸಿಯೇ ತೀರ್ಮಾನಿಸಬೇಕು. ಬಿಳಿ ಉಪ್ಪು ಹೊರಬಂದ ಗೋಡೆ ಒಣಗಿದ್ದರೂ ಅಂಕಿ ಮೇಲೇರುತ್ತದೆ.

ಆಮೇಲೆ ಬಾತ್‌ರೂಮಿನಲ್ಲಿ ನೀರು ಕಟ್ಟಿಸಿ. ಮೊದಲು ಕೆಳಮನೆಯವರ ಅನುಮತಿ ಪಡೆದು ಅವರ ಚಾವಣಿಯ ಫೋಟೊ, ತೇವದ ಅಂಕಿ ತೆಗೆದಿಡಬೇಕು. ನಂತರ ನೆಲದ ಟ್ರ್ಯಾಪಿಗೆ (ನೀರು ಹೊರಹೋಗುವ ಕಿಂಡಿಗೆ) ಮರಳು ತುಂಬಿದ ಪ್ಲಾಸ್ಟಿಕ್ ಚೀಲ ಬಿಗಿದು, ಹೊಸ್ತಿಲು ದಾಟದಂತೆ ಸುಮಾರು ಒಂದು ಇಂಚು ನೀರು ನಿಲ್ಲಿಸಿ, ಮಟ್ಟಕ್ಕೆ ಪೆನ್ಸಿಲ್ ಗುರುತು ಹಾಕಿ, 24 ಗಂಟೆ ಬಿಡಿ. ಎರಡು ಗಂಟೆ ನಿಲ್ಲಿಸಿ ‘ಸೋರಿಲ್ಲ’ ಎಂದು ಬರೆಯುವವರಿದ್ದಾರೆ, ಒಪ್ಪಬೇಡಿ. ಬಾತ್‌ರೂಮಿನ ತಗ್ಗು ಸ್ಲ್ಯಾಬಿಗೆ ಇಟ್ಟಿಗೆಚೂರು ತುಂಬಿರುತ್ತಾರೆ. ನೀರು ಮೊದಲು ಅದನ್ನು ನೆನೆಸಿ, ಆಮೇಲೆ ಕೆಳಗೆ ಇಳಿಯುತ್ತದೆ, ಇಲ್ಲವೇ ಪಕ್ಕದ ಬೆಡ್‌ರೂಮಿನ ಸ್ಕರ್ಟಿಂಗ್ (ಗೋಡೆಯ ಬುಡದ ಟೈಲ್ಸ್ ಪಟ್ಟಿ) ಮೇಲೆ ಬಣ್ಣ ಉಬ್ಬಿಸುತ್ತದೆ.

ತೇವ ಸಿಕ್ಕರೆ ಮೂಲ ಯಾವುದೆಂದು ಕೇಳಿ. ಸದಾ ಒಂದೇ ಸಮ ಒದ್ದೆಯಿದ್ದರೆ ನಲ್ಲಿ ನೀರಿನ ಪೈಪಿನ ಮೇಲೆ ಮೊದಲ ಅನುಮಾನ. ಸ್ನಾನದ ಹೊತ್ತಿಗೆ ಹೆಚ್ಚಾಗಿ ಮತ್ತೆ ತಗ್ಗಿದರೆ ಡ್ರೈನ್ ಅಥವಾ ನೆಲದ ಟೈಲ್ಸ್ ಸಂದು. ಮಳೆಯಲ್ಲಷ್ಟೇ ಬಂದರೆ ಹೊರಗೋಡೆ ಅಥವಾ ತಾರಸಿ. ಹೊರಗೋಡೆಯ ಪರೀಕ್ಷೆಗೆ ಸೆಪ್ಟೆಂಬರ್–ಅಕ್ಟೋಬರಿನ ಮಳೆಯ ಮರುದಿನಕ್ಕಿಂತ ಒಳ್ಳೆಯ ಹೊತ್ತಿಲ್ಲ. ಪೈಪಿಗೆ ಪಂಪಿನಿಂದ ಒತ್ತಡ ಹಾಕಿ ನೋಡುತ್ತೇವೆ ಎಂದರೆ ಪೈಪಿನ ವಯಸ್ಸು ಕೇಳಿ. ತುಕ್ಕು ತಿಂದ ಹಳೇ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು ಪರೀಕ್ಷೆಯಲ್ಲೇ ಒಡೆದರೆ ದಂಡ ನಿಮ್ಮ ತಲೆಗೆ.

ಟೈಲ್ಸ್ ಕುಟ್ಟಿ ಟೊಳ್ಳು ಸದ್ದು ಕೇಳುವುದು, ಬಾಗಿಲು ಕಿಟಕಿ ಎಳೆದು ನೋಡುವುದು ಅರ್ಧ ಗಂಟೆಯ ಕೆಲಸ.

ವಿದ್ಯುತ್ತಿನಲ್ಲಿ, ಸಾಕೆಟ್ಟಿಗೆ ಚುಚ್ಚುವ ಅಗ್ಗದ ಟೆಸ್ಟರನ್ನು ನಂಬಬೇಡಿ. ಅರ್ತ್ ತಂತಿಯನ್ನು ನ್ಯೂಟ್ರಲ್‌ಗೆ ಸೇರಿಸಿಬಿಟ್ಟಿದ್ದರೂ ಅದರ ದೀಪ ‘ಸರಿ’ ಎನ್ನುತ್ತದೆ. 30 ಮಿಲಿಆಂಪಿಯರ್ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬಿದ್ದು ವಿದ್ಯುತ್ ಕಡಿಯುವ ಸ್ವಿಚ್) ಇದೆಯೇ, ಪರೀಕ್ಷಾ ಉಪಕರಣದಿಂದ ಸೋರಿಕೆ ಕರೆಂಟ್ ಕೊಟ್ಟಾಗ ಬೀಳುತ್ತದೆಯೇ ಎಂದು ನೋಡಿಸಿ. ತಂತಿಗಳ ಹೊದಿಕೆಯ ನಿರೋಧ ಅಳೆಯುವ ಮೆಗ್ಗರ್ ಎಂಬ ಮಾಪಕ ಹಾಕಿಸಿ, ಅದಕ್ಕೆ ಮುಂಚೆ ಫ್ರಿಜ್, ಟಿವಿಯ ಪ್ಲಗ್ ಎಳೆದಿರಬೇಕು.

ಬಿರುಕುಗಳೆಲ್ಲ ಒಂದೇ ಅಲ್ಲ. ಕಂಬಕ್ಕೂ ಬ್ಲಾಕ್ ಗೋಡೆಗೂ ನಡುವೆ ಕೂದಲೆಳೆಯಂಥ ನೇರ ಬಿರುಕು ಸಾಮಾನ್ಯ. ಬೀಮಿನಲ್ಲಿ ಕಂಬಿಯ ಗುಂಟ ಓಡುವ, ತುಕ್ಕಿನ ಕಲೆಯಿರುವ ಬಿರುಕು ಹಾಗಲ್ಲ. ಒಳಗೆ ಕಂಬಿ ತುಕ್ಕು ಹಿಡಿದು ಉಬ್ಬಿ ಕಾಂಕ್ರೀಟನ್ನು ತಳ್ಳುತ್ತಿರುತ್ತದೆ. ಸ್ಟ್ರಕ್ಚರಲ್ ಎಂಜಿನಿಯರ್ ನೋಡುವವರೆಗೆ ಮಾತುಕತೆ ನಿಲ್ಲಿಸಿ. ಬೇಸ್‌ಮೆಂಟ್ ಪಾರ್ಕಿಂಗಿನ ಕಂಬ, ಚಾವಣಿಗಳನ್ನೂ ಸೇರಿಸಿ ನೋಡಿಸಿ, ಮಾರಾಟಕ್ಕೆಂದು ಅಲ್ಲಿ ಯಾರೂ ಹೊಸ ಬಣ್ಣ ಬಳಿಸಿರುವುದಿಲ್ಲ.

ವರದಿಯಲ್ಲಿ ಪ್ರತಿ ದೋಷದ ಜಾಗ, ಫೋಟೊ, ಅಂಕಿ, ಕಾರಣ ಇರಬೇಕು. ‘ಒಟ್ಟಾರೆ ಉತ್ತಮ’ ಎಂಬ ಸಾಲಿಗೆ ದುಡ್ಡು ಕೊಡಬೇಡಿ. ದುರಸ್ತಿಯ ಅಂದಾಜು ಬೇರೆಯವರಿಂದ ಬರೆಸಿ, ಅದನ್ನು ಹಿಡಿದು ಬೆಲೆ ಮಾತಾಡಿ. ಬಿಲ್ಡರ್ ಮನೆ ಸ್ವಾಧೀನಕ್ಕೆ ಕೊಟ್ಟು 5 ವರ್ಷ ತುಂಬಿಲ್ಲವೇ? 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 14(3)ನೇ ಕಲಂ ಪ್ರಕಾರ ರಚನೆ ಅಥವಾ ಕಾಮಗಾರಿಯ ದೋಷವನ್ನು ತಿಳಿಸಿದ 30 ದಿನದೊಳಗೆ ಬಿಲ್ಡರ್ ಪುಕ್ಕಟೆ ಸರಿಪಡಿಸಬೇಕು. ಮರುಮಾರಾಟದಲ್ಲಿ ಕೊಂಡವರೂ ಕಾಯ್ದೆಯ ಲೆಕ್ಕದಲ್ಲಿ ಹಂಚಿಕೆದಾರರೇ (ಅಲಾಟಿ), ಅಂದರೆ ಈ ಹಕ್ಕು ಅವರಿಗೂ ಉಂಟು. ಮೊದಲ ಮಾಲೀಕರಿಂದ ಸ್ವಾಧೀನ ಪತ್ರದ ಪ್ರತಿ ಈಗಲೇ ಇಸಿದುಕೊಳ್ಳಿ. 5 ವರ್ಷ ಎಣಿಸುವುದು ಆ ತಾರೀಖಿನಿಂದ, ನಿಮ್ಮ ಕ್ರಯಪತ್ರದ ದಿನದಿಂದಲ್ಲ.