ಹೊಸ ಲಸಿಕೆ: ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ

ಮಗಳ ಶಾಲೆಯಿಂದ ಗರ್ಭಕೊರಳಿನ (ಗರ್ಭಕೋಶದ ಬಾಯಿಯ) ಕ್ಯಾನ್ಸರ್ ತಡೆಯುವ ಎಚ್‌ಪಿವಿ ಲಸಿಕೆಯ ಒಪ್ಪಿಗೆ ಪತ್ರ ಬಂದರೆ ನಮ್ಮ ಕಡೆಯ ಮನೆಗಳಲ್ಲಿ ಮೊದಲು ಏಳುವ ಪ್ರಶ್ನೆ, ‘ಮುಂದೆ ಮಕ್ಕಳಾಗಲು ತೊಂದರೆಯಾದರೆ?’ ಹಾಗೆ ಕೇಳಿದ ತಾಯಿಯನ್ನು ತಿಳಿವಳಿಕೆ ಇಲ್ಲದವಳೆಂದು ಗದರಿಸಿ ಕಳುಹಿಸುವುದು ತಪ್ಪು. 2024ರ ನವೆಂಬರ್‌ನಲ್ಲಿ ಬಳ್ಳಾರಿ ಜಿಲ್ಲಾ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡು, ಅವರಿಗೆ ಹಾಕಿದ ಡ್ರಿಪ್ ದ್ರಾವಣದ ಗುಣಮಟ್ಟದ ಮೇಲೆಯೇ ಅನುಮಾನ ಬಂದದ್ದನ್ನು ಇಲ್ಲಿಯ ಜನ ಮರೆತಿಲ್ಲ. ಹೆದರಿಕೆಗೆ ಕಾರಣವಿದೆ. ಅದನ್ನು ಉತ್ತರ ಸಿಗುವಂಥ ಪ್ರಶ್ನೆಗಳಾಗಿ ಬಿಡಿಸಿಕೊಳ್ಳುವುದು ಹೇಗೆ ಎಂಬುದಷ್ಟೇ ಈ ಲೇಖನದ ವಿಷಯ.

ಮೊದಲು ರೋಗದ ಲೆಕ್ಕ

ಲಸಿಕೆಯ ಅಪಾಯವನ್ನು ಒಂಟಿಯಾಗಿ ತೂಗಬೇಡಿ. ರೋಗದ ಎದುರಿಗಿಟ್ಟು ತೂಗಿ. ಭಾರತದಲ್ಲಿ 2022ರ ಒಂದೇ ವರ್ಷದಲ್ಲಿ ಗರ್ಭಕೊರಳಿನ ಕ್ಯಾನ್ಸರ್ ಸುಮಾರು 1.27 ಲಕ್ಷ ಹೆಂಗಸರಲ್ಲಿ ಹೊಸದಾಗಿ ಕಾಣಿಸಿಕೊಂಡಿತು, ಸುಮಾರು 80 ಸಾವಿರ ಮಂದಿ ಸತ್ತರು ಎಂಬುದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯ ಅಂದಾಜು. ಈ ಕ್ಯಾನ್ಸರ್‌ಗೆ ಬಹುತೇಕ ಎಚ್‌ಪಿವಿ ವೈರಸ್ಸೇ ಕಾರಣ. ಅದು ಹರಡುವುದು ಲೈಂಗಿಕ ಸಂಪರ್ಕದಿಂದ. ಸೋಂಕು ತಗಲುವ ಮೊದಲೇ ಕೊಟ್ಟರೆ ಲಸಿಕೆ ಚೆನ್ನಾಗಿ ಕೆಲಸ ಮಾಡುತ್ತದೆ. 9ರಿಂದ 14 ವರ್ಷದ ಹುಡುಗಿಯರಿಗೆ ಕೊಡುವುದು ಅದಕ್ಕೇ ಹೊರತು ಮಗಳ ನಡತೆಯ ಮೇಲಿನ ಸಂಶಯದಿಂದಲ್ಲ.

ಎಷ್ಟು ಜನರಿಗೆ ಕೊಟ್ಟು ನೋಡಿದ್ದಾರೆ?

ಯಾವುದೇ ಹೊಸ ಲಸಿಕೆಗೆ ಕೇಳಲೇಬೇಕಾದ ಪ್ರಶ್ನೆ ಇದು. ಪ್ರಯೋಗದಲ್ಲಿ 3,000 ಜನರಿಗೆ ಕೊಟ್ಟಾಗ ಯಾರಿಗೂ ಗಂಭೀರ ತೊಂದರೆ ಆಗಲಿಲ್ಲ ಎಂದರೆ ಅಪಾಯ ಸೊನ್ನೆ ಎಂದು ಅರ್ಥವಲ್ಲ. ಸಾವಿರಕ್ಕೊಬ್ಬರಿಗೆ ಆಗುವಂಥದ್ದೂ ಅಷ್ಟು ಜನರಲ್ಲಿ ಕಣ್ಣು ತಪ್ಪಿಸಿಕೊಂಡಿರಬಹುದು. ಅಮೆರಿಕದಲ್ಲಿ 1998ರಲ್ಲಿ ಒಪ್ಪಿಗೆ ಪಡೆದ, ಶಿಶುಗಳಿಗೆ ಭೇದಿ ತರುವ ರೋಟಾವೈರಸ್ ವಿರುದ್ಧದ ಮೊದಲ ಲಸಿಕೆಯ ಕಥೆ ಹೀಗೇ ಆಯಿತು. ಸುಮಾರು ಹತ್ತು ಸಾವಿರ ಶಿಶುಗಳಲ್ಲಿ ಒಂದಕ್ಕೆ ಕರುಳಿನ ಒಂದು ಭಾಗ ಇನ್ನೊಂದರೊಳಗೆ ಸೇರಿಕೊಳ್ಳುತ್ತಿದ್ದುದು ಬಳಕೆ ಶುರುವಾದ ಮೇಲೆ ವೈದ್ಯರ ವರದಿಗಳಿಂದ ಗೊತ್ತಾಯಿತು. 1999ರಲ್ಲೇ ಅದನ್ನು ಹಿಂತೆಗೆದುಕೊಂಡರು. ಆದ್ದರಿಂದ ಬಳಕೆಗೆ ಬಂದು ಎಷ್ಟು ವರ್ಷವಾಯಿತು, ನಂತರದ ನಿಗಾ ಹೇಗಿದೆ ಎಂದೂ ಕೇಳಿ.

ಎಚ್‌ಪಿವಿ ಲಸಿಕೆ ನಮ್ಮ ಊರುಗಳಿಗೆ ಹೊಸದು, ಜಗತ್ತಿಗೆ ಅಲ್ಲ. ಅದು 2006ರಿಂದ ಬಳಕೆಯಲ್ಲಿದೆ. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷತಾ ಸಮಿತಿ ಪರಿಶೀಲಿಸುವ ಹೊತ್ತಿಗೆ 27 ಕೋಟಿಗೂ ಹೆಚ್ಚು ಡೋಸ್ ವಿತರಣೆಯಾಗಿತ್ತು. ಪ್ರಾಣಕ್ಕೆ ಕುತ್ತು ತರಬಲ್ಲ ತೀವ್ರ ಅಲರ್ಜಿ ಕಂಡದ್ದು ಹತ್ತು ಲಕ್ಷ ಡೋಸ್‌ಗೆ ಸುಮಾರು 1.7. ಬಂಜೆತನಕ್ಕೆ ಈ ಲಸಿಕೆ ಕಾರಣವೆಂಬುದಕ್ಕೆ ಆಧಾರ ಸಿಕ್ಕಿಲ್ಲ. ಸ್ಕಾಟ್ಲೆಂಡಿನಲ್ಲಿ 12-13ನೇ ವಯಸ್ಸಿನಲ್ಲಿ ಲಸಿಕೆ ಪಡೆದವರನ್ನು ವರ್ಷಗಳ ನಂತರ ನೋಡಿದಾಗ ಅವರಲ್ಲಿ ಗರ್ಭಕೊರಳಿನ ಕ್ಯಾನ್ಸರ್‌ನ ಒಂದು ಪ್ರಕರಣವೂ ಇರಲಿಲ್ಲ ಎಂದು 2024ರಲ್ಲಿ ವರದಿಯಾಯಿತು. ಈ ಲೆಕ್ಕವನ್ನೆಲ್ಲ ನೋಡಿದ ಮೇಲೆ ನಾನಂತೂ ಸಹಿ ಹಾಕುವ ಪಕ್ಷದವಳು.

‘ಆಮೇಲೆ’ ಆದದ್ದೆಲ್ಲ ‘ಅದರಿಂದ’ ಆದದ್ದಲ್ಲ

2009-10ರಲ್ಲಿ ಈಗಿನ ತೆಲಂಗಾಣದ ಖಮ್ಮಂ ಮತ್ತು ಗುಜರಾತಿನ ವಡೋದರಾದಲ್ಲಿ ಇದೇ ಲಸಿಕೆಯ ಯೋಜನೆಯೊಂದು ನಡೆಯಿತು. ಕೆಲವು ಹುಡುಗಿಯರ ಸಾವು ಸುದ್ದಿಯಾಗಿ ಯೋಜನೆಯೇ ನಿಂತಿತು. ವಿಚಾರಿಸಿದಾಗ ಒಬ್ಬಳು ನೀರಿನಲ್ಲಿ ಮುಳುಗಿದ್ದಳು, ಇನ್ನೊಬ್ಬಳಿಗೆ ಹಾವು ಕಚ್ಚಿತ್ತು. ಕ್ರಿಮಿನಾಶಕ ಕುಡಿದ ಪ್ರಕರಣಗಳೂ ಇದ್ದವು. ಸಾವಿಗೂ ಲಸಿಕೆಗೂ ನಂಟು ಕಾಣಲಿಲ್ಲ. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು ಎನ್ನುತ್ತೇವಲ್ಲ, ಹಾಗೆ. ಲಸಿಕೆ ಪಡೆದವರಲ್ಲಿ ಇಷ್ಟು ಜನರಿಗೆ ಹೀಗಾಯಿತು ಎಂದು ಯಾರಾದರೂ ಹೇಳಿದರೆ, ಪಡೆಯದ ಅದೇ ವಯಸ್ಸಿನವರಲ್ಲಿ ಎಷ್ಟು ಜನರಿಗೆ ಆಗಿದೆ ಎಂದು ಕೇಳಬೇಕು.

ಆದರೆ ಅದೇ ವಿಚಾರಣೆಯಲ್ಲಿ ಬೇರೊಂದು ತಪ್ಪು ಹೊರಬಿತ್ತು. ಎಷ್ಟೋ ಹುಡುಗಿಯರ ಒಪ್ಪಿಗೆ ಪತ್ರಕ್ಕೆ ತಂದೆ ತಾಯಿಯ ಬದಲು ಹಾಸ್ಟೆಲ್ ವಾರ್ಡನ್, ಮುಖ್ಯೋಪಾಧ್ಯಾಯರು ಸಹಿ ಹಾಕಿದ್ದರು. ಸಂಸತ್ತಿನ ಸ್ಥಾಯಿ ಸಮಿತಿ 2013ರಲ್ಲಿ ಇದನ್ನು ಕಟುವಾಗಿ ಖಂಡಿಸಿತು. ಲಸಿಕೆ ಸುರಕ್ಷಿತವಾಗಿದ್ದ ಮಾತ್ರಕ್ಕೆ ಕೇಳದೆ ಕೊಟ್ಟದ್ದು ಸರಿಯಾಗುವುದಿಲ್ಲ. ದೇವದುರ್ಗ, ಲಿಂಗಸುಗೂರು, ಕುಷ್ಟಗಿ ಕಡೆಯಿಂದ ದುಡಿಯಲು ಬೆಂಗಳೂರಿಗೆ ಹೋಗುವ ಎಷ್ಟೋ ಮಂದಿ ಹೆಣ್ಣುಮಕ್ಕಳನ್ನು ಹಾಸ್ಟೆಲ್‌ನಲ್ಲಿ ಬಿಟ್ಟಿರುತ್ತಾರೆ. ಅಂಥವರು ಫೋನಿನಲ್ಲಾದರೂ ವಿವರ ಕೇಳಿ ತಿಳಿದುಕೊಳ್ಳಬೇಕು. ಹೇಳುವುದು ಶಾಲೆಯ ಕರ್ತವ್ಯ.

ಲಸಿಕೆಯ ದಿನ

ತೋಳು ನೋವು, ಊತ, ಒಂದೆರಡು ದಿನ ಜ್ವರ, ತಲೆನೋವು ಸಾಮಾನ್ಯ. ಹದಿಹರೆಯದವರಲ್ಲಿ ತಲೆತಿರುಗಿ ಬೀಳುವುದೂ ಉಂಟು. ಬೆಳಿಗ್ಗೆ ಏನೂ ತಿನ್ನದೆ ಬಂದ ಹುಡುಗಿ ವರಾಂಡದ ಸೆಕೆಯಲ್ಲಿ ಸಾಲಿಗೆ ನಿಂತು, ಮುಂದಿನವಳ ತೋಳಿಗೆ ಸೂಜಿ ಇಳಿಯುವುದನ್ನೇ ನೋಡುತ್ತಿರುತ್ತಾಳೆ. ಹಣೆ ಬೆವರಿ, ಮುಖ ಬಿಳಿಚಿ, ಕುಸಿಯುತ್ತಾಳೆ. ಅದನ್ನು ಕಂಡು ಹಿಂದಿನ ಇಬ್ಬರು. ಮಲಗಿಸಿ ಕಾಲು ಎತ್ತರಿಸಿದರೆ ಇಂಥವರು ಬೇಗ ಚೇತರಿಸಿಕೊಳ್ಳುತ್ತಾರೆ. ಮೈತುಂಬ ದದ್ದು, ತುಟಿ ಊತ, ಉಸಿರಾಡುವಾಗ ಸಿಳ್ಳೆಯಂಥ ಸದ್ದು ಕಂಡರೆ ಅದು ತೀವ್ರ ಅಲರ್ಜಿ. ಆಗ ತೊಡೆಗೆ ಅಡ್ರಿನಾಲಿನ್ ಚುಚ್ಚುಮದ್ದು ಕೂಡಲೇ ಬೀಳಬೇಕು. ಲಸಿಕೆಯ ನಂತರ ಅರ್ಧ ಗಂಟೆ ಅಲ್ಲೇ ಕೂರಿಸುವುದು ಇದಕ್ಕಾಗಿ. ‘ಅಡ್ರಿನಾಲಿನ್ ಇದೆಯೇ ಸಿಸ್ಟರ್?’ ಎಂದು ಮೊದಲೇ ಕೇಳಲು ಸಂಕೋಚ ಬೇಡ.

ಉಪ್ಪಿಟ್ಟೋ ರೊಟ್ಟಿಯೋ ತಿನ್ನಿಸಿಯೇ ಕಳುಹಿಸಿ. ಹಿಂದೆ ಯಾವುದೇ ಲಸಿಕೆಗೆ ಅಥವಾ ಯೀಸ್ಟ್‌ಗೆ ತೀವ್ರ ಅಲರ್ಜಿ ಆಗಿದ್ದರೆ ಮೊದಲೇ ಹೇಳಿ. ಜೋರು ಜ್ವರವಿದ್ದರೆ ದಿನ ಮುಂದೂಡಿ. ಗರ್ಭಿಣಿಯರಿಗೆ ಇದನ್ನು ಕೊಡುವುದಿಲ್ಲ. ರಾಯಚೂರಿನ ಬಿಸಿಲಿನಲ್ಲಿ ಕೇಳಬೇಕಾದ ಇನ್ನೊಂದು ಪ್ರಶ್ನೆ, ಲಸಿಕೆ ಎರಡರಿಂದ ಎಂಟು ಡಿಗ್ರಿಯಲ್ಲೇ ಇತ್ತೇ ಎಂಬುದು. ಬಿಸಿಗೆ ಸಿಕ್ಕ ಲಸಿಕೆ ವಿಷವಾಗುವುದಕ್ಕಿಂತ ಶಕ್ತಿ ಕಳೆದುಕೊಳ್ಳುವುದೇ ಹೆಚ್ಚು, ಚುಚ್ಚಿಸಿಕೊಂಡದ್ದು ವ್ಯರ್ಥವಾಗುತ್ತದೆ.

ಆಮೇಲೆ ಏನಾದರೂ ಆದರೆ

ಕಾರ್ಡಿನಲ್ಲಿ ಲಸಿಕೆಯ ಹೆಸರು, ದಿನಾಂಕ, ಬ್ಯಾಚ್ ಸಂಖ್ಯೆ ಬರೆಸಿಕೊಂಡು ಮೊಬೈಲ್‌ನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಒಂದೇ ಬ್ಯಾಚಿನಲ್ಲಿ ದೋಷವಿದ್ದರೆ ಅದನ್ನು ಹಿಡಿದು ತಡೆಯಲು ಆ ಸಂಖ್ಯೆಯೇ ದಾರಿ. ಜ್ವರಕ್ಕೆ ವಯಸ್ಸಿಗೆ ತಕ್ಕ ಪ್ಯಾರಸಿಟಮಾಲ್ ಸಾಕು. ಜ್ವರ ಇಳಿಯದಿದ್ದರೆ, ಆಸ್ಪತ್ರೆ ಸೇರುವಂತಾದರೆ ಆಶಾ ಕಾರ್ಯಕರ್ತೆಗೆ, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ ತಿಳಿಸಿ. ಗಂಭೀರ ಪ್ರಕರಣವನ್ನು ಅವರು ತಾಯಿ-ಮಕ್ಕಳ ಆರೋಗ್ಯ ನೋಡಿಕೊಳ್ಳುವ ಜಿಲ್ಲಾ ಆರ್‌ಸಿಎಚ್ ಅಧಿಕಾರಿಗೆ ವರದಿ ಮಾಡಬೇಕು. ಲಸಿಕೆಗೂ ಅದಕ್ಕೂ ನಂಟಿದೆಯೇ ಎಂಬುದನ್ನು ತಜ್ಞರ ಸಮಿತಿ ಪರಿಶೀಲಿಸುತ್ತದೆ. ‘ಇದೆಲ್ಲ ಮಾಮೂಲಿ’ ಎಂದು ಯಾರಾದರೂ ಬರೆದುಕೊಳ್ಳದೆ ಕಳುಹಿಸಿದರೆ ರಾಷ್ಟ್ರೀಯ ಔಷಧ ಸುರಕ್ಷತಾ ನಿಗಾ ಕಾರ್ಯಕ್ರಮದ ಉಚಿತ ಸಹಾಯವಾಣಿ 1800-180-3024ಕ್ಕೆ ನೀವೇ ಕರೆ ಮಾಡಿ ದಾಖಲಿಸಬಹುದು.