ಹಿಂದಿನ ಗಾಲಿ ಅಲುಗಾಡುತ್ತಿದೆಯೇ? ಹೊರಗಿನ ನಟ್ ಮೇಲೆ ಜೋರು ಹಾಕಬೇಡಿ

ಕಳೆದ ಶ್ರಾವಣದಲ್ಲಿ ಒಂದು ಸಂಜೆ ಮಗಳು ಕಾಲೇಜಿನಿಂದ ಬಂದವಳೇ ಸೈಕಲ್ಲನ್ನು ಕಟ್ಟೆಗೆ ಒರಗಿಸಿದಳು. "ಅಪ್ಪಾ, ತಿರುವಿನ್ಯಾಗ ಹಿಂದಿನಿಂದ ಯಾರೋ ಜಗ್ಗಿದಂಗ ಆಗ್ತದ" ಎಂದಳು. ಅವಳದು ಗೇರ್ ಇರುವ ಮೌಂಟನ್ ಬೈಕ್. ಬೆಟಗೇರಿಯ ನಮ್ಮ ಮನೆಯಿಂದ ಗದಗಿನ ಕಾಲೇಜಿಗೆ ದಿನವೂ ಅದರ ಮೇಲೆಯೇ ಹೋಗುತ್ತಾಳೆ. ಭಾನುವಾರ ಇಬ್ಬರೂ ಡಂಬಳದ ಕಡೆಗೆ, ಕಪ್ಪತಗುಡ್ಡ ಕಾಣುವ ದಾರಿಯಲ್ಲಿ ಸೈಕಲ್ ಹೊಡೆಯುತ್ತೇವೆ. ನಾನು ಹಿಂದಿನ ಗಾಲಿ ಹಿಡಿದು ಅಲುಗಾಡಿಸಿದೆ. ಟಕ್ ಟಕ್ ಎಂದಿತು.

ಈ ಸದ್ದು ನನಗೆ ಗೊತ್ತು. ಹಿಂದೊಮ್ಮೆ ನನ್ನ ಸೈಕಲ್ಲಿಗೂ ಹೀಗೇ ಆಗಿತ್ತು. ಆಗ ನನಗೆ ತಿಳಿಯದೆ ಹೊರಗಿನ ನಟ್ಟನ್ನೇ ಮತ್ತೆ ಮತ್ತೆ ಬಿಗಿದು ಮೂರು ವಾರ ಓಡಿಸಿದೆ. ಕೊನೆಗೆ ಬಿಚ್ಚಿ ನೋಡಿದರೆ ಕೋನ್ ಮೇಲೆ, ಅಂದರೆ ಗಾಲಿಯ ಅಚ್ಚಿನ (ಆಕ್ಸಲ್) ಮೇಲೆ ಕೂತು ಬೇರಿಂಗ್ ಗುಂಡುಗಳನ್ನು ಹಿಡಿದಿಡುವ ಮೊನಚು ನಟ್ಟಿನ ಮೇಲೆ, ಸಣ್ಣ ಸಣ್ಣ ಗುಳಿ ಬಿದ್ದಿದ್ದವು. ಗಾಲಿಯ ನಡುವಿನ ಹಬ್ಬಿನೊಳಗೆ ಆ ಗುಂಡುಗಳು ಕೂರುವ ಬಟ್ಟಲು, ಅಂದರೆ ಕಪ್, ಕೂಡ ಸವೆದಿತ್ತು. ಕೋನ್ ಬದಲಿಸಬಹುದು. ಕಪ್ ಹಾಳಾದರೆ ಹಬ್ಬೇ ಹೋದಂತೆ, ಗಾಲಿಯನ್ನು ಹೊಸದಾಗಿ ಕಟ್ಟಿಸಬೇಕು. ಹಾಗಾಗಿ ಗಾಲಿ ಅಲುಗಾಡಿದ ದಿನವೇ ಸೈಕಲ್ ನಿಲ್ಲಿಸಿ, ದಯವಿಟ್ಟು.

ಪಾನಾ (ಸ್ಪ್ಯಾನರ್) ಹಿಡಿಯುವ ಮೊದಲು ಸಡಿಲ ಎಲ್ಲಿದೆ ಎಂದು ಹುಡುಕಬೇಕು. ಒಂದು ಕೈಯಲ್ಲಿ ಸೀಟಿನ ಕೆಳಗಿನ ಫ್ರೇಮ್ ಹಿಡಿಯಿರಿ. ಇನ್ನೊಂದು ಕೈಯಲ್ಲಿ ಟೈರಿನ ಮೇಲ್ಭಾಗ ಹಿಡಿದು ಎಡಕ್ಕೆ ಬಲಕ್ಕೆ ತಳ್ಳಿ. ಕಣ್ಣು ಮಾತ್ರ ಆಕ್ಸಲ್ ಮೇಲಿರಲಿ. ಆಕ್ಸಲ್ಲೇ ಫ್ರೇಮಿನ ಸೀಳಿನಲ್ಲಿ ಜರುಗಿದರೆ ಹೊರಗಿನ ನಟ್ ಸಡಿಲಾಗಿದೆ. ಆಕ್ಸಲ್ ಅಲ್ಲಾಡದೆ ಗಾಲಿ ಮಾತ್ರ ಟಕ್ ಟಕ್ ಎಂದರೆ ಒಳಗೆ ಕೋನಿನಲ್ಲಿ ಪ್ಲೇ, ಅಂದರೆ ಸಡಿಲ, ಬಂದಿದೆ. ಎರಡೂ ಇಲ್ಲದೆ, ಗಾಲಿ ತಿರುಗಿಸಿದಾಗ ರಿಮ್ ಹಾವಿನಂತೆ ಆಚೀಚೆ ಹೋದರೆ ಅದು ಬೆಂಡ್. ಸ್ಪೋಕ್ ಕಡ್ಡಿ ನೋಡಬೇಕು, ಅದು ಬೇರೆಯೇ ಕೆಲಸ. ಗಾಲಿ ತಿರುಗಿಸಿದಾಗ ಗೇರಿನ ಹಲ್ಲಿನ ಚಕ್ರಗಳು ಸ್ವಲ್ಪ ಓಲಾಡುವುದು ಕಾಣುತ್ತದೆ, ಅದಕ್ಕೆ ಗಾಬರಿಯಾಗಬೇಡಿ. ಆ ಚಕ್ರಗಳಿರುವ ಫ್ರೀವೀಲಿನಲ್ಲಿ ಅಷ್ಟು ಇದ್ದೇ ಇರುತ್ತದೆ.

ಹೊರಗಿನ ನಟ್ ಮಾತ್ರ ಸಡಿಲಿದ್ದರೆ ಐದು ನಿಮಿಷದ ಕೆಲಸ. ಆಕ್ಸಲ್ಲನ್ನು ಸೀಳಿನ ತುದಿವರೆಗೂ ಕೂರಿಸಿ, ಟೈರ್ ಫ್ರೇಮಿನ ನಡುವೆ ಸರಿಯಾಗಿ ನಿಂತಿದೆಯೇ ನೋಡಿ. ಆಮೇಲೆ 15 ಮಿ.ಮೀ. ಪಾನಾದಿಂದ ಎಡಗಡೆ ಸ್ವಲ್ಪ, ಬಲಗಡೆ ಸ್ವಲ್ಪ ಎಂದು ಬಿಗಿಯುತ್ತಾ ಹೋಗಿ. ನಟ್ ಬದಲು ಕ್ವಿಕ್ ರಿಲೀಸ್ (ಪಾನಾ ಇಲ್ಲದೆ ಕೈಯಿಂದಲೇ ಗಾಲಿ ಬಿಚ್ಚುವ ಹಿಡಿ) ಇದ್ದರೆ ಅದರ ಹಿಡಿಯನ್ನು ಸ್ಕ್ರೂನಂತೆ ತಿರುಗಿಸಬೇಡಿ. ಅದನ್ನು ಮಡಚಿ ಮುಚ್ಚಬೇಕು. ಅರ್ಧ ದಾರಿಯಿಂದ ಕೈಗೆ ಬಿಗಿ ಗೊತ್ತಾಗಬೇಕು, ಪೂರ್ತಿ ಮುಚ್ಚಿದಾಗ ಅಂಗೈ ಮೇಲೆ ಹಿಡಿಯ ಗುರುತು ಮೂಡಬೇಕು. ಸಲೀಸಾಗಿ ಮುಚ್ಚಿದರೆ ಅದು ಸಾಲದು.

ಮಗಳ ಸೈಕಲ್ಲಿನಲ್ಲಿ ಇದ್ದದ್ದು ಕೋನಿನ ಪ್ಲೇ. ಇದಕ್ಕೆ ತೆಳುವಾದ ಕೋನ್ ಪಾನಾ ಬೇಕೇ ಬೇಕು. ಸಾಮಾನ್ಯ ಪಾನಾ ದಪ್ಪ, ಕೋನಿನ ಸಣ್ಣ ಅಂಚಿನ ಮೇಲೆ ಕೂರುವುದಿಲ್ಲ. ಹಿಂದಿನ ಗಾಲಿಗೆ ಹೆಚ್ಚಾಗಿ 15 ಮಿ.ಮೀ. ಕೋನ್ ಪಾನಾ ಹತ್ತುತ್ತದೆ, ಕೋನ್ ಜರುಗದಂತೆ ಅದರ ಮೇಲೆ ಬಿಗಿಯುವ ಲಾಕ್ ನಟ್ಟಿಗೆ 17. ಆದರೂ ಕೊಳ್ಳುವ ಮೊದಲು ನಿಮ್ಮ ಗಾಲಿಯ ಅಳತೆ ನೋಡಿಕೊಳ್ಳಿ. ಕೆಲವು ಹೊಸ ಹಬ್ಬುಗಳಲ್ಲಿ ಕೋನೇ ಇರುವುದಿಲ್ಲ, ಬೇರಿಂಗನ್ನು ಒತ್ತಿ ಕೂರಿಸಿರುತ್ತಾರೆ. ಅಂಥದ್ದಾದರೆ ಅಂಗಡಿಗೆ ಒಯ್ಯುವುದೇ ಸರಿ.

ಗೇರನ್ನು ಎಲ್ಲಕ್ಕಿಂತ ಸಣ್ಣ ಹಲ್ಲಿನ ಚಕ್ರಕ್ಕೆ ಇಳಿಸಿಕೊಂಡು ಗಾಲಿ ಬಿಚ್ಚಿ, ಚೈನ್ ಸುಲಭವಾಗಿ ಬಿಟ್ಟುಕೊಳ್ಳುತ್ತದೆ. ಡಿಸ್ಕ್ ಬ್ರೇಕ್ ಇದ್ದರೆ ಗ್ರೀಸ್ ಕೈಯಿಂದ ಡಿಸ್ಕ್ ಮುಟ್ಟಬೇಡಿ. ಎಣ್ಣೆಯಲ್ಲಿ ಓಡುವ ಬ್ರೇಕಾದರೆ, ಗಾಲಿ ಹೊರಗಿರುವಾಗ ಬ್ರೇಕ್ ಹಿಡಿ ಒತ್ತಲೇಬೇಡಿ.

ಇನ್ನು ಮುಖ್ಯ ಕೆಲಸ. ಎಲ್ಲವೂ ಎಡಗಡೆಯಿಂದ, ಅಂದರೆ ಗೇರ್ ಹಲ್ಲಿಲ್ಲದ ಕಡೆಯಿಂದ. ಮೊದಲು ಬಲಗಡೆಯ ಲಾಕ್ ನಟ್ ಗಟ್ಟಿಯಾಗಿದೆಯೇ ನೋಡಿ. ಅದೇ ಸಡಿಲಿದ್ದರೆ ಫ್ರೀವೀಲ್ ತೆಗೆಯದೆ ದಾರಿಯಿಲ್ಲ. ಅದಕ್ಕೆ ಬೇರೆ ಉಪಕರಣ ಬೇಕು, ಅಂಗಡಿಗೆ ಬಿಡಿ. ಗಟ್ಟಿಯಾಗಿದ್ದರೆ ಎಡಗಡೆಯ ಕೋನನ್ನು ತೆಳು ಪಾನಾದಿಂದ ಹಿಡಿದು, ಲಾಕ್ ನಟ್ಟನ್ನು ಇನ್ನೊಂದು ಪಾನಾದಿಂದ ಬಿಚ್ಚಿ.

ಮಳೆಗಾಲದಲ್ಲಿ ಹೀಗಾದರೆ ನಾನು ಸುಮ್ನೆ ಬಿಗಿದು ಬಿಡುವುದಿಲ್ಲ, ಪೂರ್ತಿ ಬಿಚ್ಚುತ್ತೇನೆ. ನಮ್ಮ ಕಡೆಯ ಎರಿ ಮಣ್ಣು ಹಸಿಯಾದಾಗ ಅಂಟಿನಂತೆ ಗಾಲಿಗೆ ಮೆತ್ತಿಕೊಳ್ಳುತ್ತದೆ. ಅದನ್ನು ತೊಳೆಯಲು ಜನ ಬೈಕ್ ವಾಶಿನ ಜೋರಾದ ನೀರು ಹೊಡೆಸುತ್ತಾರೆ. ಆ ನೀರು ಹಬ್ಬಿನೊಳಗೆ ನುಗ್ಗಿ ಗ್ರೀಸ್ ತೊಳೆದುಹಾಕುತ್ತದೆ, ಜೊತೆಗೆ ಮಣ್ಣನ್ನೂ ಒಳಗೆ ಒಯ್ಯುತ್ತದೆ. ಮಗಳ ಗಾಲಿಯಿಂದ ಬಂದ ಗ್ರೀಸ್ ಬೂದಿ ಬಣ್ಣದ ರಾಡಿಯಂತಿತ್ತು. ಹಬ್ಬಿನ ಹತ್ತಿರ ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು.

ಎಡಗಡೆಯ ಕೋನನ್ನೂ ಬಿಚ್ಚಿ ಆಕ್ಸಲ್ಲನ್ನು ಬಲಗಡೆಯಿಂದ ಹೊರಗೆ ತೆಗೆಯುವಾಗ ಗಾಲಿಯ ಕೆಳಗೆ ಊಟದ ತಾಟು ಇಡಿ. ಗುಂಡು ಉರುಳಿ ಹೋದರೆ ಹುಡುಕಿ ಸಾಕಾಗುತ್ತದೆ. ಬಿಡಿ ಗುಂಡಿನ ಹಿಂದಿನ ಹಬ್ಬಿನಲ್ಲಿ ಸಾಮಾನ್ಯವಾಗಿ ಕಾಲು ಇಂಚಿನ ಗುಂಡುಗಳು ಕಡೆಗೆ ಒಂಬತ್ತರಂತೆ ಹದಿನೆಂಟು ಇರುತ್ತವೆ. ನಿಮ್ಮದರಲ್ಲಿ ಎಷ್ಟಿವೆ ಎಂದು ಎಣಿಸಿ ಬರೆದಿಡಿ. ಡೀಸೆಲ್‌ನಲ್ಲಿ ತೊಳೆದು, ಬಟ್ಟೆಯಿಂದ ಒರೆಸಿ, ಕೋನಿನ ಮೇಲೆ ಉಗುರು ಎಳೆಯಿರಿ. ಉಗುರು ಗುಳಿಗೆ ಸಿಕ್ಕಿಕೊಂಡರೆ ಕೋನ್ ಬದಲಿಸಿ. ಗುಂಡುಗಳನ್ನಂತೂ ಹೊಸದೇ ಹಾಕಿ, ದುಡ್ಡು ಜಾಸ್ತಿ ಆಗುವುದಿಲ್ಲ. ಆಕ್ಸಲ್ಲನ್ನು ನುಣುಪಾದ ಫರಸಿ ಮೇಲೆ ಉರುಳಿಸಿ, ಕುಣಿಯುತ್ತಾ ಉರುಳಿದರೆ ಅದು ಬಾಗಿದೆ. ಕಪ್ಪಿಗೆ ಧಾರಾಳವಾಗಿ ಗ್ರೀಸ್ ತುಂಬಿ ಗುಂಡುಗಳನ್ನು ಒಂದೊಂದೇ ಕೂರಿಸಿದರೆ ಅವು ಗ್ರೀಸಿಗೆ ಅಂಟಿಕೊಂಡು ನಿಲ್ಲುತ್ತವೆ. ಆಮೇಲೆ ಆಕ್ಸಲ್ಲನ್ನು ಬಲಗಡೆಯಿಂದ ಮೆಲ್ಲಗೆ ತೂರಿಸಿ.

ತಾಳ್ಮೆ ಬೇಕಾಗುವುದು ಇಲ್ಲಿಂದ ಮುಂದೆ. ಎಡಗಡೆ ಕೋನನ್ನು ಬೆರಳಿನಿಂದಲೇ ತಿರುಗಿಸಿ, ಗುಂಡಿಗೆ ತಾಗಿದಾಗ ನಿಲ್ಲಿಸಿ. ಆಮೇಲೆ ಒಂದು ಕೂದಲೆಳೆಯಷ್ಟು ಹಿಂದಕ್ಕೆ ಬಿಡಿ. ಈಗ ಕೋನ್ ತಿರುಗದಂತೆ ಹಿಡಿದು ಲಾಕ್ ನಟ್ ಬಿಗಿಯಿರಿ. ಲಾಕ್ ನಟ್ ಬಿಗಿಯುವಾಗ ಅದು ಕೋನನ್ನು ಸ್ವಲ್ಪ ಒಳಕ್ಕೆ ಒತ್ತುತ್ತದೆ. ಅದಕ್ಕೇ ಮೊದಲು ಕೊಂಚ ಸಡಿಲ ಬಿಡಬೇಕು. ಈಗ ಆಕ್ಸಲ್ ತುದಿಯನ್ನು ಬೆರಳಿನಿಂದ ತಿರುಗಿಸಿ ನೋಡಿ. ಗರಗರ ಎಂದರೆ ಬಿಗಿ ಹೆಚ್ಚಾಗಿದೆ, ಟಕ್ ಎಂದರೆ ಇನ್ನೂ ಸಡಿಲ. ಮತ್ತೆ ಬಿಚ್ಚಿ, ಮತ್ತೆ ಹೊಂದಿಸಿ. ನನಗೆ ಈಗಲೂ ನಾಲ್ಕೈದು ಸಲವಾದರೂ ಬೇಕು. ನಮ್ಮದು ನೇಕಾರರ ಮನೆ. ಮಗ್ಗದಲ್ಲಿ ಎಳೆ ಬಿಗಿ ಹೆಚ್ಚಾದರೆ ಹರಿಯುತ್ತದೆ, ಕಡಿಮೆಯಾದರೆ ಬಟ್ಟೆ ಜೋಲುತ್ತದೆ. ಎಷ್ಟು ಬೇಕೋ ಅಷ್ಟು ಎಂಬುದು ಬೆರಳಿಗೇ ಗೊತ್ತಾಗುತ್ತದೆ, ಅಲ್ವಾ? ಇದೂ ಹಾಗೆಯೇ.

ನಟ್ ಇರುವ ಗಾಲಿಯಲ್ಲಿ ಅಲುಗಾಟ ಸ್ವಲ್ಪವೂ ಇರಬಾರದು. ಕ್ವಿಕ್ ರಿಲೀಸ್ ಗಾಲಿಯಲ್ಲಿ ಮಾತ್ರ ಕೈಗೆ ತಿಳಿಯುವಷ್ಟು ಸಣ್ಣ ಪ್ಲೇ ಬಿಡಿ. ಹಿಡಿ ಮುಚ್ಚಿದಾಗ ಆಕ್ಸಲ್ ಒತ್ತಿಕೊಂಡು ಅದು ಮಾಯವಾಗುತ್ತದೆ. ಗಾಲಿ ಕೂರಿಸಿದ ಮೇಲೆ ಮತ್ತೊಮ್ಮೆ ರಿಮ್ ತಳ್ಳಿ ನೋಡಿ. ಮೆಲ್ಲಗೆ ತಿರುಗಿಸಿ ಬಿಟ್ಟರೆ ಗಾಲಿ ಸಲೀಸಾಗಿ ನಿಧಾನವಾಗುತ್ತಾ ಬಂದು, ಭಾರವಾದ ಭಾಗ ಕೆಳಗೆ ಬಂದಾಗ ಹಿಂದೆ ಮುಂದೆ ತೂಗಿ ನಿಲ್ಲಬೇಕು. ತಟ್ಟನೆ ನಿಂತರೆ ಕೋನ್ ಬಿಗಿಯಾಗಿದೆ, ಇಲ್ಲವೇ ಬ್ರೇಕ್ ತಾಗುತ್ತಿದೆ.

ಮೊದಲ ಹತ್ತು ಕಿಲೋಮೀಟರ್ ಓಡಿಸಿದ ಮೇಲೆ ನಟ್ಟುಗಳನ್ನು ಪಾನಾದಿಂದ ಮತ್ತೆ ಮುಟ್ಟಿ ನೋಡಿ, ಸ್ವಲ್ಪ ಕೂತಿರುತ್ತವೆ. ಮಗಳು ಮರುದಿನ ಕಾಲೇಜಿನಿಂದ ಬಂದಾಗ ನಾನು ಪಾನಾ ತರಲು ಒಳಗೆ ಹೋದೆ. ಹೊರಗೆ ಬರುವಷ್ಟರಲ್ಲಿ ಅವಳೇ ರಿಮ್ ಹಿಡಿದು ಎಡಕ್ಕೆ ಬಲಕ್ಕೆ ತಳ್ಳುತ್ತಿದ್ದಳು. "ಇಲ್ಲಪ್ಪಾ, ಏನೂ ಅಲ್ಲಾಡವಲ್ದು" ಎಂದಳು. ಎಡಗಡೆಯ ನಟ್ ಮಾತ್ರ ಕಾಲು ಸುತ್ತು ಬಿಗಿಯಬೇಕಾಯಿತು.